ಮಳ್ಳು, ಪಿಶೊ, ಮೆಂಟಲ್, ಸ್ಕ್ರೂ ಲೂಸ್: ಬಾಯಿಗೆ ಬಂದಂಗೆ ಅನ್ನೋ ಈ ಶಬ್ದಗಳ ಒಳಗೆ ಏನಿದೆ?

ಹೋದ ತಿಂಗಳು ಶಿರಸಿ ಕಡೆ ನೆಂಟರ ಮನೇಲಿ ತಿಥಿ ಊಟ ಇತ್ತು. ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಪೈಕಿ ಹುಡುಗ ಒಬ್ಬ ಊಟ ಮುಗಿಸಿ ಜಗಲಿಗೆ ಬಂದು ಕೂತು ಕಿಸೆಯಿಂದ ಒಂದು ಗುಳಿಗೆ ತೆಗೆದು ನುಂಗಿದ, ಅದೆಂತಕ್ಕೆ ಅಂತ ಯಾರೋ ಕೇಳಿದ್ರು, ಅವ ಮುಚ್ಚಿಡದೆ "ಡಿಪ್ರೆಶನ್ನಿಗೆ, ಆರು ತಿಂಗಳಾಯ್ತು ತಗೊಳ್ತಾ ಇದ್ದೇನೆ" ಅಂದ. ಕವಳದ ಬಟ್ಟಲು ಮುಂದಿಟ್ಕೊಂಡು ಕೂತಿದ್ದ ಅವನ ದೊಡ್ಡಪ್ಪ, ಚಿಕ್ಕಂದಿನಲ್ಲಿ ಅವನನ್ನ ಹೆಗಲ ಮೇಲೆ ಕೂರಿಸ್ಕೊಂಡು ತೋಟ ಎಲ್ಲಾ ತಿರುಗಿಸಿದವರು, ಎಲೆಗೆ ಸುಣ್ಣ ಹಚ್ತಾ ಹಚ್ತಾ "ನಿಂಗೆಂತ ಮಳ್ಳು ಹಿಡದ್ದಾ?" ಅಂದ್ಬಿಟ್ರು, ಅಂದ್ರೆ ನಿನಗೇನು ಹುಚ್ಚು ಹಿಡಿದಿದೆಯಾ ಅಂತ.

ಜಗಲಿ ಪೂರ್ತಿ ಸುಮ್ಮನಾಯ್ತು. ದೊಡ್ಡಪ್ಪನ ಬೆರಳು ಎಲೆ ಮೇಲೇ ನಿಂತೋಯ್ತು. ಇದೇ ಮಾತನ್ನ ಅವರು ಆ ಹುಡುಗನಿಗೆ ಸಾವಿರ ಸಲ ಅಂದಿದ್ದಾರೆ, ಮಳೇಲಿ ನೆನ್ಕೊಂಡು ಬಂದಾಗ, ಹಲಸಿನ ಮರ ಹತ್ತಿ ಬಿದ್ದಾಗ, ಮೊದಲ ಸಂಬಳದಲ್ಲಿ ಮನೆಯವರಿಗೆಲ್ಲಾ ಬಟ್ಟೆ ತಂದಾಗ. ಯಾವತ್ತೂ ಯಾರಿಗೂ ಚುಚ್ಚಿರಲಿಲ್ಲ. ಅವತ್ತು ಮಾತ್ರ ಚುಚ್ಚಿತು, ಆಡಿದವರಿಗೂ ಚುಚ್ಚಿತು. ವಾಪಸ್ ದೇವಿಮನೆ ಘಟ್ಟ ಇಳಿದು ಕುಮಟೆ ಮುಟ್ಟೋವರೆಗೆ ಕಾರಲ್ಲಿ ಇದೇ ಮಾತು: ಶಬ್ದ ಅದೇ, ಆಡಿದವರು ಅವರೇ, ಹಾಗಾದ್ರೆ ಬದಲಾಗಿದ್ದು ಏನು? ಆಮೇಲೆ ಮನೇಲಿ, ಆಫೀಸಲ್ಲಿ, ಫೋನಲ್ಲಿ ಬೇರೆ ಬೇರೆಯವರು ಇದನ್ನೇ ಕೇಳಿದ್ರು, ಯಾವ ಶಬ್ದ ಆಡಬಹುದು, ಯಾವುದು ಆಡಬಾರದು ಅಂತ. ಅದಕ್ಕೆ ಇದನ್ನ ಬುಡದಿಂದ ಬಿಡಿಸಿ ಬರೀತಾ ಇದ್ದೇನೆ.

ಒಂದೇ ಶಬ್ದ, ಎರಡು ಬೇರೆ ಬೇರೆ ಸಂಗತಿ

ಮೊದ್ಲು ತಿಳ್ಕೋಬೇಕಾದ್ದು ಇದು. "ಅವನಿಗೆ ತಲೆ ಸರಿ ಇಲ್ಲ" ಅಂತ ನಾವು ಇಬ್ಬರಿಗೆ ಹೇಳ್ತೇವೆ. ಒಬ್ಬ ನಮ್ಮ ಹಾಗೆ ಇಲ್ಲದವ, ಅವನ ದಾರಿ ಅವನದ್ದು, ನಮ್ಮ ಕಡೆ "ಅವ ಒಂದ್ ನಮೂನೆ" ಅಂತಾರಲ್ಲ ಅಂಥವ. ಪುಸ್ತಕದ ಭಾಷೇಲಿ ವಿಲಕ್ಷಣ ಸ್ವಭಾವ. ಇನ್ನೊಬ್ಬ ಕಾಯಿಲೆ ಬಂದವ, ನಿದ್ದೆ ಹೋಗಿದೆ, ಊಟ ಸೇರೋದಿಲ್ಲ, ಇಲ್ಲದ ಧ್ವನಿ ಕೇಳ್ತದೆ, ಅಥವಾ ಬೆಳಿಗ್ಗೆ ಹಾಸಿಗೆಯಿಂದ ಏಳೋದೇ ಬೆಟ್ಟ ಹತ್ತಿದಷ್ಟು ಭಾರ.

ತೋಟ ಇದ್ದವರಿಗೆ ಇದು ಬೇಗ ಅರ್ಥ ಆಗ್ತದೆ. ಅಡಿಕೆ ತೋಟದಲ್ಲಿ ಎಲ್ಲಾ ಮರ ನೆಟ್ಟಗೆ ಹೋಗಿರ್ತದೆ, ಒಂದು ಮಾತ್ರ ಬಿಸಿಲು ಹುಡುಕ್ಕೊಂಡು ಡೊಂಕಾಗಿ ಬೆಳೆದಿರ್ತದೆ. ಅದಕ್ಕೆ ರೋಗ ಇಲ್ಲ, ಕೊನೆನೂ ಬಿಡ್ತದೆ, ಕೊಯ್ಯೋಕೆ ಸ್ವಲ್ಪ ಕಷ್ಟ ಅಷ್ಟೇ. ಅದೇ ನೆಟ್ಟಗಿರೋ ಮರಕ್ಕೆ ಆಷಾಢದ ಮಳೇಲಿ ಕೊಳೆ ಬಂತು ಅಂದ್ರೆ ಅದು ರೋಗ, ಹೊತ್ತಿಗೆ ಸರಿಯಾಗಿ ಬೋರ್ಡೋ ಔಷಧಿ ಹೊಡೀಬೇಕು, ಬಿಟ್ರೆ ಕಾಯಿ ಉದುರಿ ಹೋಗ್ತದೆ. ಡೊಂಕು ಮರಕ್ಕೆ ಔಷಧಿ ಹೊಡೆಯೋದು ದಂಡ, ಕೊಳೆ ಬಂದ ಮರವನ್ನ "ಅದು ಹಾಂಗೇ" ಅಂತ ಬಿಡೋದು ನಷ್ಟ. ನಮ್ಮ ಆಡುಮಾತು ಇವೆರಡನ್ನೂ ಒಂದೇ ಬುಟ್ಟಿಗೆ ಹಾಕ್ತದೆ, ತೊಂದ್ರೆ ಶುರುವಾಗೋದೇ ಅಲ್ಲಿ.

ನಾನು ಸಣ್ಣವಳಿದ್ದಾಗ ಸದಾಶಿವಗಡದ ಕಡೆ ಒಬ್ಬರು ಇದ್ರು. ವರ್ಷದ ಹನ್ನೆರಡು ತಿಂಗಳೂ ಕೈಯಲ್ಲಿ ಕೊಡೆ, ಆದ್ರೆ ಬಿಚ್ಚುತ್ತಿರಲಿಲ್ಲ, ಜೋರು ಮಳೆ ಬಂದ್ರೂ ಮಡಚಿದ ಕೊಡೆ ಹಿಡ್ಕೊಂಡೇ ನೆನ್ಕೊಂಡು ಹೋಗೋರು. ಮಕ್ಕಳೆಲ್ಲ ಹಿಂದಿನಿಂದ "ಪಿಶೊ, ಪಿಶೊ" ಅಂತ ಕೂಗೋದು, ಕೊಂಕಣಿಯಲ್ಲಿ ಹುಚ್ಚ ಅಂತ. ಆದ್ರೆ ಕಾಳಿ ಹೊಳೆಯ ಭರತ-ಇಳಿತದ ಹೊತ್ತು ಅವರಿಗೆ ಬಾಯಿಪಾಠ, ಚಂದ್ರನ ಲೆಕ್ಕ ಹಾಕಿ ನಾಳೆ ಎಷ್ಟು ಹೊತ್ತಿಗೆ ನೀರು ಏರ್ತದೆ ಅಂತ ಹೇಳೋರು, ದೋಣಿ ಇಳಿಸೋ ಮುಂಚೆ ಎಷ್ಟೋ ಜನ ಅವರನ್ನ ಕೇಳ್ತಿದ್ರು. ಅವರು ಡೊಂಕು ಮರ. ಕಾಯಿಲೆ ಏನೂ ಇರಲಿಲ್ಲ, ಮನೆ, ಕೆಲಸ, ಊಟ, ನಿದ್ದೆ ಎಲ್ಲಾ ಸರಿ ಇತ್ತು. ಆದ್ರೂ ಊರಿನ ಬಾಯಲ್ಲಿ ಸಾಯೋವರೆಗೂ ಪಿಶೊ.

ಈ ವ್ಯತ್ಯಾಸ ಈಗ ಕಾನೂನಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿರೋದು, ಅದರ 3ನೇ ಕಲಂ ಹೇಳೋದು ಏನಂದ್ರೆ, ಒಬ್ಬ ಮನುಷ್ಯ ಊರಿನ ನೀತಿ, ಪದ್ಧತಿ, ಕೆಲಸದ ರೀತಿ, ರಾಜಕೀಯ, ಧರ್ಮದ ನಂಬಿಕೆ ಇವಕ್ಕೆ ಹೊಂದಿಕೊಳ್ಳೋದಿಲ್ಲ ಅನ್ನೋ ಕಾರಣಕ್ಕೆ ಅವನಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನಿಸೋ ಹಾಗಿಲ್ಲ. ಕೊಡೆ ಬಿಚ್ಚದೆ ಮಳೇಲಿ ನಡೆಯೋದು ಕಾಯಿಲೆ ಅಲ್ಲ.

ಗಾಳಿ ಮತ್ತು ಭೂತ: ಮಳ್ಳು, ಮರ್ಲು, ಪಿಶೊ

ಈ ಶಬ್ದಗಳನ್ನ ಒಂದೊಂದಾಗಿ ಬಿಡಿಸಿದ್ರೆ ಒಂದು ವಿಷಯ ಕಾಣ್ತದೆ, ಪ್ರತಿ ಶಬ್ದದ ಹೊಟ್ಟೇಲೂ "ತಲೆ ಯಾಕೆ ಕೆಡ್ತದೆ" ಅನ್ನೋದಕ್ಕೆ ಆ ಕಾಲದ ಜನ ಕಂಡ್ಕೊಂಡ ಉತ್ತರ ಕೂತಿದೆ. ಎಲ್ಲಕ್ಕಿಂತ ಹಳೇ ಉತ್ತರ ಭೂತ.

ನಮ್ಮ ಘಟ್ಟದ ಮೇಲಿನ "ಮಳ್ಳು" ಬೇರೆ ಏನೂ ಅಲ್ಲ, ಹಳೇ "ಮರುಳು". ಕರುಳು ಹೋಗಿ ಕಳ್ಳು ಆದ ಹಾಗೆ, ಅರಳು ಹೋಗಿ ಅಳ್ಳು ಆದ ಹಾಗೆ, ಮರುಳು ಹೋಗಿ ಮಳ್ಳು. ಕರಾವಳಿ ದಕ್ಷಿಣಕ್ಕೆ ಹೋದ್ರೆ ತುಳುವಿನಲ್ಲಿ ಅದೇ ಮರ್ಲ್. ಹಳಗನ್ನಡ ಕಾವ್ಯದಲ್ಲಿ ಈ ಮರುಳ್ ಅನ್ನೋದಕ್ಕೆ ಭ್ರಮೆ ಅನ್ನೋ ಅರ್ಥದ ಜೊತೆ ಪಿಶಾಚಿ ಅನ್ನೋ ಅರ್ಥನೂ ಇದೆ, ರಣರಂಗದಲ್ಲಿ ಹೆಣಗಳ ನಡುವೆ ಕುಣಿಯೋ ಮರುಳುಗಳ ವರ್ಣನೆ ಬರ್ತದೆ. ಅಂದ್ರೆ ಮರುಳು ಹಿಡೀತು ಅಂದ್ರೆ ಮೂಲದಲ್ಲಿ ಹೊರಗಿನ ಯಾವುದೋ ಒಂದು ಬಂದು ಮನುಷ್ಯನನ್ನ ಹಿಡ್ಕೊಂಡಿತು ಅಂತ. ಅದಕ್ಕೇ ಈಗಲೂ "ಮಳ್ಳು ಹಿಡೀತು", "ಹುಚ್ಚು ಹಿಡೀತು" ಅಂತೇವೆ, ಜ್ವರ ಬಂತು ಅಂದ ಹಾಗೆ ಹುಚ್ಚು ಬಂತು ಅನ್ನೋದು ಕಮ್ಮಿ. ಹಿಡಿಯೋಕೆ ಒಂದು ಕೈ ಬೇಕಲ್ಲ.

ಕಾರವಾರ ಕಡೆ ಕೊಂಕಣಿಯ ಪಿಶೊ, ಹೆಂಗಸಿಗೆ ಪಿಶಿ, ಇದಕ್ಕೂ ಅದೇ ವಂಶ. ಮರಾಠಿಯಲ್ಲೂ ಪಿಸಾ, ಪಿಸೆ ಅಂತ ಇದೆ, ಭಾಷೆ ಬಲ್ಲವರು ಇದನ್ನ ಸಂಸ್ಕೃತದ ಪಿಶಾಚ ಶಬ್ದಕ್ಕೆ ಒಯ್ದು ಕಟ್ತಾರೆ. ನೋಡಿ, ಶಿರಸಿಯ ಕನ್ನಡ ಮತ್ತೆ ಕಾರವಾರದ ಕೊಂಕಣಿ, ಎರಡೂ ಬೇರೆ ಬೇರೆ ಕುಟುಂಬದ ಭಾಷೆ, ಆದ್ರೆ ಒಂದೇ ಜಿಲ್ಲೇಲಿ ಘಟ್ಟದ ಮೇಲೂ ಕೆಳಗೂ ಒಂದೇ ಕಲ್ಪನೆಯಿಂದ ಶಬ್ದ ಹುಟ್ಟಿದೆ. "ಗಾಳಿ ಸೋಕಿದೆ" ಅನ್ನೋದೂ ಅದೇ ಕಲ್ಪನೆ, ಸ್ವಲ್ಪ ಮೆತ್ತಗೆ ಹೇಳಿದ್ದು.

ಆದ್ರೆ ಶಬ್ದ ನಿಂತ ನೀರಲ್ಲ. ಉತ್ತರ ಕರ್ನಾಟಕದ ಮಾತಲ್ಲಿ "ಮಳ್ಳ" ಅಂದ್ರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಟಿಸೋವ. ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದ್ಲಂತೆ, ಈ ಗಾದೆಯಲ್ಲಿರೋ ಮಳ್ಳಿ ಹುಚ್ಚಿ ಅಲ್ಲವೇ ಅಲ್ಲ, ಎಲ್ಲರಿಗಿಂತ ಚುರುಕು. ಶಿರಸಿ ಸಿದ್ದಾಪುರದ ಹವ್ಯಕರ ಮನೇಲಿ ಮಳ್ಳು ಅಂದ್ರೆ ದಿನಾ ಬಳಸೋ ಸಲಿಗೆಯ ಮಾತು, ಅಜ್ಜಿ ಮೊಮ್ಮಗಳಿಗೆ ತಲೆ ಬಾಚ್ತಾ ಹೇಳೋದು. ದೊಡ್ಡಪ್ಪನ ಬಾಯಲ್ಲಿ ಬಂದಿದ್ದು ಈ ಮಳ್ಳು. ಹುಡುಗ ಡಿಪ್ರೆಶನ್ ಅಂದ ಮರುಕ್ಷಣ ಅದು ಬಿದ್ದಿದ್ದರಿಂದ ಹಳೇ ಅರ್ಥ ಎದ್ದು ಕೂತಿತು.

ಪಿತ್ತ ನೆತ್ತಿಗೇರಿತು

ಎರಡನೇ ಉತ್ತರ ದೇಹದ ಒಳಗಿನದ್ದು. ಆಯುರ್ವೇದದ ವಾತ ಪಿತ್ತ ಕಫದ ಲೆಕ್ಕದಲ್ಲಿ ಇವುಗಳ ಹದ ತಪ್ಪಿದ್ರೆ ಮನಸ್ಸೂ ತಪ್ತದೆ, ಅದನ್ನ ಉನ್ಮಾದ ಅಂತ ಕರೆದು ಚಿಕಿತ್ಸೆನೂ ಬರೆದಿಟ್ಟಿದ್ದಾರೆ. ಅಲ್ಲಿಂದ ಬಂದಿದ್ದು ನಮ್ಮ "ಪಿತ್ತ ನೆತ್ತಿಗೇರಿದೆ". ತಮಿಳಿನಲ್ಲಂತೂ ಪಿತ್ತನ್ ಅಂದ್ರೇ ಹುಚ್ಚ, ಭಕ್ತರು ಶಿವನನ್ನೇ ಪ್ರೀತಿಯಿಂದ ಹಾಗೆ ಕರೆದಿದ್ದಾರೆ. ತಲೆ ಬಿಸಿಯಾಗಿದೆ, ತಲೆ ತಂಪು ಮಾಡ್ಕೋ ಅನ್ನೋ ಮಾತುಗಳೂ ಇದೇ ಕಡೆಯವು. ನಮ್ಮಲ್ಲಿ ಒಂದೆಲಗದ ತಂಬುಳಿ ಮಾಡಿ ಬಡಿಸುವಾಗ "ತಲೆಗೆ ತಂಪು" ಅಂತ ಹೇಳದೇ ಬಡಿಸಿದ ಅಮ್ಮಂದಿರು ಇಲ್ಲ.

ಭೂತದಿಂದ ಪಿತ್ತಕ್ಕೆ ಬಂದಿದ್ದು ದೊಡ್ಡ ಹೆಜ್ಜೆ ಅಂತ ನನಗನಿಸ್ತದೆ. ಭೂತ ಅಂದ್ರೆ ಓಡಿಸ್ಬೇಕು, ಅದಕ್ಕೆ ಹೊಡೆತ, ಹೊಗೆ, ಬೇವಿನ ಸೊಪ್ಪು. ಪಿತ್ತ ಅಂದ್ರೆ ಇಳಿಸ್ಬೇಕು, ಅದಕ್ಕೆ ಊಟ, ಔಷಧಿ, ವಿಶ್ರಾಂತಿ. ಶಬ್ದ ಬದಲಾದ್ರೆ ಆ ಮನುಷ್ಯನ ಬೆನ್ನಿಗೆ ಬೀಳೋ ಪೆಟ್ಟೂ ಬದಲಾಗ್ತದೆ.

ಇಂಗ್ಲಿಷಿನವರು ಚಂದ್ರನನ್ನ ದೂರಿದ್ರು. ಲ್ಯಾಟಿನ್ನಲ್ಲಿ ಚಂದ್ರನಿಗೆ ಲೂನಾ, ಅದರಿಂದ ಲುನಾಟಿಕ್, ಅಂದ್ರೆ ಹುಚ್ಚ. ನಮ್ಮಲ್ಲೂ "ಅಮಾಸೆ ಹುಣ್ಮೆಗೆ ಅವನಿಗೆ ಜಾಸ್ತಿ ಆಗ್ತದೆ" ಅಂತಾರಲ್ಲ, ಅದೇ ನಂಬಿಕೆ. ಈ ಲುನಾಟಿಕ್ ಅನ್ನೋದು ಬರೀ ಬೈಗುಳ ಆಗಿರಲಿಲ್ಲ, ಭಾರತದಲ್ಲಿ 1912ರ ಲೂನಸಿ ಕಾಯ್ದೆ 1987ರ ಹೊಸ ಕಾಯ್ದೆ ಬರೋವರೆಗೆ ಅದೇ ಹೆಸರಲ್ಲಿ ಇತ್ತು. ಅಮೆರಿಕದವರು ತಮ್ಮ ಕೇಂದ್ರದ ಕಾನೂನುಗಳಿಂದ ಆ ಶಬ್ದ ತೆಗೆದಿದ್ದು 2012ರಲ್ಲಿ.

ಸ್ಕ್ರೂ, ನಟ್ಟು, ಫ್ಯೂಸು, ಟವರ್ರು

ಮೂರನೇ ಉತ್ತರ ಯಂತ್ರ ಬಂದ ಮೇಲಿನದ್ದು. ಸ್ಕ್ರೂ ಲೂಸ್, ನಟ್ಟು ಸಡಿಲ, ಫ್ಯೂಸ್ ಹೋಗಿದೆ, ಕ್ರ್ಯಾಕ್, ಟ್ಯೂಬ್‌ಲೈಟ್. ಮೊಬೈಲ್ ಬಂದ ಮೇಲೆ ಹ್ಯಾಂಗ್ ಆಗಿದೆ, ಟವರ್ ಸಿಗ್ತಾ ಇಲ್ಲ. ತಲೆ ಅನ್ನೋದು ಒಂದು ಮೆಶಿನ್ನು, ಒಂದು ಪಾರ್ಟು ಕೆಟ್ಟಿದೆ ಅಂತ. "ಲೂಸು" ಅನ್ನೋದು ಸ್ಕ್ರೂ ಬಿಟ್ಟು ಒಂಟಿಯಾಗಿ ನಿಂತು ಈಗ ಪೂರ್ತಿ ಕನ್ನಡ ಶಬ್ದ ಆಗ್ಬಿಟ್ಟಿದೆ, ಲೂಸಾ ನೀನು ಅಂತ ನಾಲ್ಕು ವರ್ಷದ ಮಗೂನೂ ಕೇಳ್ತದೆ. ಇವು ಹೆಚ್ಚಾಗಿ ತಮಾಷೆಗೆ ಬಳಸೋವು, ಯಾಕಂದ್ರೆ ಇವು ಯಾವ ಕಾಲದಲ್ಲೂ ಆಸ್ಪತ್ರೆಯ ಚೀಟಿ ಮೇಲೆ ಬರೆದ ಶಬ್ದ ಅಲ್ಲ.

ಹಳೇ ಮೈಸೂರು ಬೆಂಗಳೂರು ಕಡೆಯ ತಿಕ್ಕಲು, ತಿಕ್ಲ ಅನ್ನೋದು ತೆಲುಗಿನ ತಿಕ್ಕದ ನೆಂಟ, ನಮ್ಮ ಕಡೆ ಟಿವಿ ಬರೋ ಮುಂಚೆ ಅಷ್ಟಾಗಿ ಕೇಳಿದ್ದಿಲ್ಲ. ಐಲು, ಐಲುಪೈಲು ಅನ್ನೋವು ಸ್ವಭಾವದ ಬಗ್ಗೆ, ಕಾಯಿಲೆ ಬಗ್ಗೆ ಅಲ್ಲ. ಹೆಡ್ಡ, ಪೆದ್ದ, ಎಬಡ ಇವೆಲ್ಲ ಬುದ್ಧಿ ಕಮ್ಮಿ ಅನ್ನೋದಕ್ಕೆ, ಅದು ಬೇರೆಯೇ ಸಾಲು, ಆದ್ರೆ ಜನ ಕೋಪದಲ್ಲಿ ಎಲ್ಲಾ ಕಲಸಿ ಹೇಳ್ತಾರೆ.

ಧಾರವಾಡಕ್ಕೆ ಕಳಿಸ್ಬೇಕು

ನಮ್ಮ ಜಿಲ್ಲೇಲಿ ಹುಟ್ಟಿ ಬೆಳೆದವರಿಗೆ ಈ ಮಾತು ಬಿಡಿಸಿ ಹೇಳ್ಬೇಕಾಗಿಲ್ಲ. "ಇವನನ್ನ ಧಾರವಾಡಕ್ಕೆ ಹಾಕ್ಬೇಕು" ಅಂದ್ರೆ ಓದೋಕೆ ಯುನಿವರ್ಸಿಟಿಗೆ ಅಂತ ಅಲ್ಲ. ಬೆಂಗಳೂರು ಕಡೆಯವರು ನಿಮ್ಹಾನ್ಸ್ ಕೇಸು ಅಂತಾರೆ, ನಾವು ಯಾಕೆ ಧಾರವಾಡ ಅಂತೇವೆ?

ಕಾರಣ ಇತಿಹಾಸದಲ್ಲಿದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬೇರೆಯಾಗಿ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1956ರವರೆಗೆ ಆ ಕಡೆಗೇ ಇತ್ತು. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗೆ ಹುಚ್ಚಾಸ್ಪತ್ರೆ ಅಂತ ಇದ್ದಿದ್ದು ಧಾರವಾಡದಲ್ಲಿ, ಬ್ರಿಟಿಷರು 19ನೇ ಶತಮಾನದಲ್ಲಿ ಶುರು ಮಾಡಿದ್ದು. ಅದೇ ಈಗಿನ ಡಿಮ್ಹಾನ್ಸ್. ಯಲ್ಲಾಪುರ ದಾಟಿ ಕಾಡಿನ ದಾರಿಯಲ್ಲಿ ಹೋದವರು ಎಷ್ಟೋ ಜನ ವರ್ಷಗಟ್ಟಲೆ ವಾಪಸ್ ಬರ್ತಿರಲಿಲ್ಲ, ಹಾಗಾಗಿ ಊರಿನ ಹೆಸರೇ ಒಂದು ಹೆದರಿಕೆಯಾಗಿ ನಿಂತಿತು.

ಇದು ನಮ್ಮೊಬ್ಬರ ಅಭ್ಯಾಸ ಅಲ್ಲ. ಹಿಂದಿಯವರಿಗೆ ಆಗ್ರಾ, ರಾಂಚಿ. ಮರಾಠಿಯವರಿಗೆ ಠಾಣೆ, ಯೇರವಡಾ. ತಮಿಳರಿಗೆ ಕೀಳ್‌ಪಾಕ್ಕಂ. ಲಂಡನ್ನಿನಲ್ಲಿ 1247ರಲ್ಲಿ ಶುರುವಾದ ಬೆಥ್ಲೆಮ್ ಅನ್ನೋ ಮಠ ಮುಂದೆ ಹುಚ್ಚಾಸ್ಪತ್ರೆ ಆಯ್ತು, ಜನರ ಬಾಯಲ್ಲಿ ಅದು ಬೆಡ್ಲಂ ಆಯ್ತು, ಈಗ ಇಂಗ್ಲಿಷಿನಲ್ಲಿ ಬೆಡ್ಲಂ ಅಂದ್ರೆ ಗದ್ದಲ ಗೊಂದಲ ಅಂತಲೇ ಅರ್ಥ. ಆಸ್ಪತ್ರೆ ಇದ್ದ ಊರಿಗೆಲ್ಲಾ ಒಂದೇ ಹಣೆಬರಹ.

ಇಲ್ಲಿ ನನಗೆ ತುಂಬಾ ಬೇಜಾರಾಗೋ ವಿಷಯ ಒಂದಿದೆ. ಧಾರವಾಡ ಅನ್ನೋದು ಬೈಗುಳ ಆಗಿದ್ದರಿಂದ, ನಿಜವಾಗಿ ಅಲ್ಲಿ ಹೋಗ್ಬೇಕಾದವರು ಹೋಗೋದಿಲ್ಲ. ನನಗೆ ಗೊತ್ತಿರೋ ಒಂದು ಮನೇಲಿ ಮಗಳಿಗೆ ತೋರಿಸೋಕೆ ಧಾರವಾಡಕ್ಕೆ ಹೋಗುವಾಗ ಅಕ್ಕಪಕ್ಕದವರಿಗೆ "ಹುಬ್ಬಳ್ಳಿಗೆ ಸೀರೆ ತರೋಕೆ" ಅಂತ ಹೇಳಿ ಹೋದ್ರು, ಬರುವಾಗ ಖರ್ಚಿಗೆ ದುಡ್ಡಿಲ್ಲದಿದ್ರೂ ಒಂದು ಸೀರೆ ತಗೊಂಡು ಬಂದ್ರು, ಮಾತು ಉಳಿಸ್ಕೊಳ್ಳೋಕೆ.

ಮೆಂಟಲ್ ಅನ್ನೋ ಒಳ್ಳೇ ಶಬ್ದ ಕೆಟ್ಟಿದ್ದು ಹೇಗೆ

ಮೆಂಟಲ್ ಅಂದ್ರೆ ಇಂಗ್ಲಿಷಿನಲ್ಲಿ ಮನಸ್ಸಿಗೆ ಸಂಬಂಧಪಟ್ಟಿದ್ದು, ಅಷ್ಟೇ. ಮಗು ಬಾಯಲ್ಲೇ ಲೆಕ್ಕ ಮಾಡಿದ್ರೆ ಅದೂ ಮೆಂಟಲ್ ಲೆಕ್ಕವೇ. ಇದು ಬೈಗುಳ ಆಗಿದ್ದು ಹೇಗೆ ಅಂದ್ರೆ, ಮೊದ್ಲು ಆಸ್ಪತ್ರೆಗಳ ಬೋರ್ಡಿನ ಮೇಲೆ ಲುನಾಟಿಕ್ ಅಸೈಲಮ್ ಅಂತ ಇರ್ತಿತ್ತು. ಲುನಾಟಿಕ್ ಅನ್ನೋದು ಅವಮಾನ ಅಂತ ಅನ್ನಿಸಿ 1920ರ ಆಸುಪಾಸಿನಲ್ಲಿ ಭಾರತದಲ್ಲಿ ಬೋರ್ಡು ಬದಲಾಯಿಸಿ ಮೆಂಟಲ್ ಹಾಸ್ಪಿಟಲ್ ಅಂತ ಮಾಡಿದ್ರು. ಅಂದ್ರೆ ಮೆಂಟಲ್ ಅನ್ನೋದು ಮರ್ಯಾದೆ ಕೊಡೋಕೆ ತಂದ ಶಬ್ದ! ಜನ ಮೊದ್ಲು ಮೆಂಟಲ್ ಆಸ್ಪತ್ರೆ ಅಂದ್ರು, ಆಮೇಲೆ ಆಸ್ಪತ್ರೆ ಬಿಟ್ರು, ಮೆಂಟಲ್ ಉಳಿತು, ಅಲ್ಲಿಗೆ ಹೋದವನೇ ಮೆಂಟಲ್ ಆದ. ಬೆಂಗಳೂರಿನ ಹಳೇ ಮೆಂಟಲ್ ಆಸ್ಪತ್ರೆ ಮತ್ತೆ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯ್ತು, ಹೊಸ ಹೆಸರು, ಸ್ವಲ್ಪ ವರ್ಷಕ್ಕೆ "ನಿಮ್ಹಾನ್ಸಿಂದ ತಪ್ಪಿಸ್ಕೊಂಡು ಬಂದವ" ಅಂತ ಅದೂ ಬೈಗುಳ.

ಇಂಗ್ಲಿಷಿನ ಈಡಿಯಟ್, ಇಂಬೆಸಿಲ್, ಮೋರಾನ್ ಮೂರೂ ಒಂದು ಕಾಲದಲ್ಲಿ ಡಾಕ್ಟರುಗಳು ಬುದ್ಧಿಯ ಮಟ್ಟ ಅಳೆದು ಬರೀತಿದ್ದ ಶಬ್ದಗಳೇ. ಮೋರಾನ್ ಅನ್ನೋದನ್ನ ಹೆನ್ರಿ ಗೊಡಾರ್ಡ್ ಅನ್ನೋ ಮನಶ್ಶಾಸ್ತ್ರಜ್ಞ 1910ರಲ್ಲಿ ಗ್ರೀಕ್ ಶಬ್ದದಿಂದ ಮಾಡಿದ. ಈಗ ಅದನ್ನ ಯಾವ ಡಾಕ್ಟರೂ ಬರೆಯೋದಿಲ್ಲ. ನಮ್ಮಲ್ಲಿ ಬುದ್ಧಿಮಾಂದ್ಯ ಅನ್ನೋದನ್ನೂ ಈಗ ಬಿಡ್ತಾ ಇದ್ದಾರೆ, ಅಂಗವಿಕಲ ಹೋಗಿ ವಿಕಲಚೇತನ ಬಂತು, ಅದೂ ಹೋಗಿ ವಿಶೇಷಚೇತನ ಬಂತು, ಶಾಲೆ ಮಕ್ಕಳು ಈಗಾಗಲೇ "ನೀನು ಸ್ಪೆಶಲ್ಲಾ?" ಅಂತ ಕಿಚಾಯಿಸೋಕೆ ಶುರು ಮಾಡಿದ್ದಾರೆ.

ಯಾಕೆ ಹೀಗಾಗ್ತದೆ? ನಮ್ಮ ಕಡೆಯ ಚಿರೆಕಲ್ಲಿನ ಕಂಪೌಂಡು ನೋಡಿ. ದೀಪಾವಳಿಗೆ ಚಂದ ಸುಣ್ಣ ಹೊಡೀತೇವೆ, ಬೆಳ್ಳಗೆ ಕಾಣ್ತದೆ, ಮುಂದಿನ ಮಳೆಗಾಲ ಮುಗಿಯೋ ಹೊತ್ತಿಗೆ ಮತ್ತೆ ಕಪ್ಪು, ಹಾವಸೆ. ತಪ್ಪು ಸುಣ್ಣದ್ದಲ್ಲ, ಕಲ್ಲಿನ ಒಳಗೆ ತೇವ ಕೂತಿದೆ. ಶಬ್ದ ಸುಣ್ಣ ಇದ್ದ ಹಾಗೆ, ಜನರ ಮನಸ್ಸಲ್ಲಿರೋ ಹೆದರಿಕೆ ತೇವ. ಹೊಸ ಶಬ್ದ ತಂದಾಗ ಸ್ವಲ್ಪ ವರ್ಷ ಬೆಳ್ಳಗಿರ್ತದೆ, ಆಮೇಲೆ ಹಳೇ ಹೆದರಿಕೆ ಅದರ ಮೇಲೂ ಬರ್ತದೆ. ಹಾಗಂತ ಸುಣ್ಣ ಹೊಡೆಯೋದು ದಂಡ ಅಂತ ಯಾರೂ ಬಿಡೋದಿಲ್ಲ, ಹೊಡೀದೇ ಬಿಟ್ರೆ ಗೋಡೆ ಇನ್ನೂ ಬೇಗ ಹಾಳಾಗ್ತದೆ.

ಈಗಿನ ಹುಡುಗರು ಇದನ್ನ ಇನ್ನೊಂದು ಸುತ್ತು ತಿರುಗಿಸಿದ್ದಾರೆ. ಸೈಕೋ ಅಂತೂ ಇದ್ದೇ ಇದೆ, ಈಗ ಕಾಯಿಲೆ ಹೆಸರನ್ನೇ ಸ್ವಭಾವಕ್ಕೆ ಅಂಟಿಸ್ತಾರೆ. ಚಪ್ಪಲಿ ಸಾಲಾಗಿ ಇಟ್ರೆ ಓಸಿಡಿ, ಬೆಳಿಗ್ಗೆ ನಕ್ಕು ಸಂಜೆ ಸಿಟ್ಟಾದ್ರೆ ಬೈಪೋಲಾರ್. ಓಸಿಡಿ ಇದ್ದವರಿಗೆ ಕೈ ಸಿಪ್ಪೆ ಏಳೋವರೆಗೆ ತೊಳೀಬೇಕಾಗ್ತದೆ, ನಿಲ್ಲಿಸ್ಬೇಕು ಅಂತ ಇದ್ರೂ ನಿಲ್ಲಿಸೋಕಾಗೋದಿಲ್ಲ, ಅದು ಶಿಸ್ತಿನ ಅಭ್ಯಾಸ ಅಲ್ಲ. ಡಿಪ್ರೆಶನ್ ಅಂದ್ರೂ ಒಂದು ದಿನದ ಬೇಜಾರಲ್ಲ, ಕಮ್ಮಿ ಅಂದ್ರೂ ಎರಡು ವಾರ ಹೆಚ್ಚುಕಮ್ಮಿ ಇಡೀ ದಿನ ಮನಸ್ಸು ಕುಸಿದಿರೋದು, ಯಾವುದರಲ್ಲೂ ಆಸೆ ಇಲ್ಲದಿರೋದು.

ಹುಚ್ಚಪ್ಪ, ಹುಚ್ಚವ್ವ ಮತ್ತೆ ಯಕ್ಷಗಾನದ ಹುಚ್ಚು

ಎಲ್ಲಾ ಕಡೆ ಹುಚ್ಚು ಕೆಟ್ಟ ಶಬ್ದನಾ? ಅಲ್ಲ. ಹುಚ್ಚು ಹೊಳೆ, ಹುಚ್ಚು ಮಳೆ, ಹುಚ್ಚು ಕುದುರೆ, ಹುಚ್ಚು ಧೈರ್ಯ, ಇವನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಅದರ ತಿರುಳು ಗೊತ್ತಾಗ್ತದೆ, ಎಲ್ಲೆ ಮೀರಿದ್ದು ಹುಚ್ಚು. ಜುಲೈ ತಿಂಗಳಲ್ಲಿ ಗಂಗಾವಳಿ ದಡ ಬಿಟ್ಟು ಗದ್ದೆಗೆ ನುಗ್ಗಿದಾಗ ಹೊಳೆಗೆ ಹುಚ್ಚು ಹಿಡಿದಿದೆ ಅಂತೇವೆ. ಪ್ರೀತಿನೂ ಎಲ್ಲೆ ಮೀರಬಹುದು, ಅದಕ್ಕೇ ಯಕ್ಷಗಾನದ ಹುಚ್ಚು, ಕ್ರಿಕೆಟ್ ಹುಚ್ಚು. ಬೆಳಗಿನ ಜಾವದವರೆಗೆ ಆಟ ನೋಡಿ, ಕೆಂಪು ಕಣ್ಣಲ್ಲೇ ಗದ್ದೆಗೆ ಹೋದವನಿಗೆ "ಆಟದ ಹುಚ್ಚ" ಅಂದ್ರೆ ಅದು ಬಿರುದು.

ಹೆಸರು ಕೂಡ ಇಟ್ಟಿದ್ದಾರೆ. ಹುಚ್ಚಪ್ಪ, ಹುಚ್ಚಯ್ಯ, ಹುಚ್ಚವ್ವ, ಮರುಳಯ್ಯ, ಮರುಳಸಿದ್ಧ. ಹುಟ್ಟಿದ ಮಕ್ಕಳು ಉಳಿಯದೇ ಇದ್ದ ಕಾಲದಲ್ಲಿ, ಮಗುವಿಗೆ ತಿಪ್ಪಯ್ಯ ಅಂತಲೋ ಹುಚ್ಚಪ್ಪ ಅಂತಲೋ ಇಟ್ರೆ ಕೆಟ್ಟ ದೃಷ್ಟಿ ಬೀಳೋದಿಲ್ಲ ಅನ್ನೋ ನಂಬಿಕೆ ಒಂದು. ಇನ್ನೊಂದು, ದೇವರ ಮೇಲಿನ ಭಕ್ತಿಯಲ್ಲಿ ಲೋಕ ಮರೆತವರನ್ನ ಮರುಳ ಅಂತ ಗೌರವದಿಂದ ಕರೀತಿದ್ರು.

ಇದೇ ಶಬ್ದ ಹೆಂಗಸರ ಮೇಲೆ ಬಿದ್ದಾಗ ಮಾತ್ರ ಭಾರ ಬೇರೆ. ಗಟ್ಟಿಯಾಗಿ ನಕ್ಕವಳು, ಎದುರು ಮಾತಾಡಿದವಳು, ಗಂಡನ ಮನೆ ಬಿಟ್ಟು ಬಂದವಳು, ಎಲ್ಲರಿಗೂ ಬೇಗ ಹುಚ್ಚಿ ಪಟ್ಟ. ಗಂಡಸಿಗೆ ಒಂದ್ ನಮೂನೆ ಅಂತ ಬಿಡೋ ಜಾಗದಲ್ಲಿ ಹೆಂಗಸಿಗೆ ರಿಯಾಯ್ತಿ ಇಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನೋ ಗಾದೆ ಕೇಳಿ ನಗ್ತೇವೆ, ಆದ್ರೆ ಅದನ್ನ ನಂಬಿ ಕಾಯಿಲೆ ಇದ್ದ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಔಷಧಿ ನಿಲ್ಲಿಸಿ ಮದುವೆ ಮಾಡಿದ ಮನೆಗಳಿವೆ. ಮದುವೆ ಔಷಧಿ ಅಲ್ಲ.

ಈಗ ಯಾಕೆ ಇದು ದೊಡ್ಡ ವಿಷಯ

ಬರೀ ಮಾತು ತಾನೇ ಅಂತ ಅನ್ನಿಸ್ಬಹುದು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ದೊಡ್ಡವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದ್ರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ, ಹೆಚ್ಚಿನ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ನೂರಕ್ಕೆ 70ರಿಂದ 92. ಡಾಕ್ಟರು ದೂರ, ದುಡ್ಡು ಇಲ್ಲ, ಕಾಯಿಲೆ ಅಂತ ಗೊತ್ತೇ ಇಲ್ಲ, ಕಾರಣ ಬೇಕಾದಷ್ಟಿವೆ, ಅದರಲ್ಲಿ ಒಂದು ಜನ ಏನಂತಾರೋ ಅನ್ನೋ ಹೆದರಿಕೆ. ಜನ ಅನ್ನೋದು ಇದೇ ಶಬ್ದಗಳನ್ನ.

ಕಾನೂನೂ ಬಿಗಿಯಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿ 21 ಬಗೆ ಇವೆ, ಅದರ 92ನೇ ಕಲಂ ಪ್ರಕಾರ ಅಂಥವರನ್ನ ನಾಲ್ಕು ಜನರೆದುರು ಬೇಕಂತಲೇ ಅವಮಾನ ಮಾಡಿದ್ರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತೆ ದಂಡ. 2017ರ ಕಾಯ್ದೆ ಪ್ರಕಾರ ಕಾಯಿಲೆ ಇದ್ದವರನ್ನ ಸರಪಳಿ ಹಾಕಿ ಕಟ್ಟೋ ಹಾಗಿಲ್ಲ, ವಿಮೆ ಕಂಪನಿಗಳು ದೇಹದ ಕಾಯಿಲೆಗೆ ಕೊಡೋ ಹಾಗೇ ಮನಸ್ಸಿನ ಕಾಯಿಲೆಗೂ ಕೊಡ್ಬೇಕು. ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ವಾಧೀನ ಇಲ್ಲ ಅಂತ ಅರ್ಥ ಅಲ್ಲ, ಅದನ್ನ ಹೇಳ್ಬೇಕಾದ್ದು ಕೋರ್ಟು ಮಾತ್ರ. ಆಸ್ತಿ ಪಾಲಿನ ಹೊತ್ತಿಗೆ "ಅವನಿಗೆ ತಲೆ ಸರಿ ಇಲ್ಲ" ಅನ್ನೋರು ಇದನ್ನ ಗಮನಿಸ್ಬೇಕು.

ಹಾಗಾದ್ರೆ ಏನು ಅನ್ನೋದು?

ಶಬ್ದಗಳ ಪಟ್ಟಿ ಮಾಡಿ ಇದು ಸರಿ ಇದು ತಪ್ಪು ಅನ್ನೋಕೆ ಆಗೋದಿಲ್ಲ, ಮಳ್ಳು ಅನ್ನೋ ಒಂದೇ ಶಬ್ದದ ಕತೆ ನೋಡಿದ್ರಲ್ಲ. ಯಾರಿಗೆ, ಯಾವಾಗ ಅನ್ನೋದು ಮುಖ್ಯ. ಮಳೇಲಿ ನೆನ್ಕೊಂಡು ಬಂದವನಿಗೆ ಮಳ್ಳ ಅನ್ನೋದು ಬೇರೆ, ಗುಳಿಗೆ ತಗೊಳ್ಳೋವನಿಗೆ ಆ ಗುಳಿಗೆ ನೋಡಿ ಅನ್ನೋದು ಬೇರೆ. ಕಾಯಿಲೆ ಇದೆ ಅಂತ ಗೊತ್ತಿದ್ದವರ ಬಗ್ಗೆ ಮಾತಾಡುವಾಗ ಕಾಯಿಲೆ ಹೆಸರನ್ನೇ ಹೇಳಿ, ಅವನಿಗೆ ಡಿಪ್ರೆಶನ್ ಇದೆ, ಅವಳಿಗೆ ಸ್ಕಿಜೋಫ್ರೇನಿಯಾ ಇದೆ, ಬಿಪಿ ಇದೆ ಶುಗರ್ ಇದೆ ಅಂದ ಹಾಗೆ. ಮನುಷ್ಯನೇ ಕಾಯಿಲೆ ಆಗೋದಿಲ್ಲ, ಮನುಷ್ಯನಿಗೆ ಕಾಯಿಲೆ ಇರ್ತದೆ. ಅದೂ ಅವರೇ ಹೇಳ್ಕೊಂಡಿದ್ರೆ ಮಾತ್ರ, ಇಲ್ಲಾಂದ್ರೆ ಊರಿಗೆ ಹೇಳೋದು ನಮ್ಮ ಕೆಲಸ ಅಲ್ಲ.

ನಾನು ಆ ಹುಡುಗನಿಗೆ ಆಮೇಲೆ ಫೋನ್ ಮಾಡಿ ಕೇಳಿದೆ, ದೊಡ್ಡಪ್ಪ ಅಂದಿದ್ದು ಬೇಜಾರಾಯ್ತಾ ಅಂತ. ಅವ ಅಂದಿದ್ದು: "ದೊಡ್ಡಪ್ಪ ಮಳ್ಳು ಅಂದಿದ್ದು ಒಂದ್ ಕ್ಷಣ ಅಷ್ಟೇ, ಅವ್ರು ಯಾವಾಗ್ಲೂ ಅನ್ನೋದು. ಆಮೇಲೆ ಒಳಗೆ ಅಡುಗೆಮನೇಲಿ ಯಾರೋ ಸಣ್ಣ ದನಿಯಲ್ಲಿ 'ಪಾಪ, ಅವಂಗೆ ಹಾಂಗಡ' ಅಂದ್ರಲ್ಲ, ಅದು ರಾತ್ರಿಯೆಲ್ಲಾ ಕಿವೀಲಿತ್ತು." ಹಾಂಗಡ ಅಂದ್ರೆ ಹಾಗಂತೆ. ಅದರಲ್ಲಿ ಒಂದೂ ಕೆಟ್ಟ ಶಬ್ದ ಇಲ್ಲ.

ಯಾರಿಗಾದ್ರೂ ನಿದ್ದೆ, ಊಟ, ಕೆಲಸ ಮೂರೂ ತಪ್ಪಿದೆ, ಮೊದಲಿದ್ದ ಹಾಗೆ ಇಲ್ಲ ಅಂತ ಅನ್ನಿಸಿದ್ರೆ ಡಾಕ್ಟರ್ ಹತ್ರ ಹೋಗೋಣ, ನಾನೂ ಬರ್ತೇನೆ ಅಂತ ಹೇಳಿ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಗಡಿ ದಾಟಿದ್ರೆ ಗೋವಾದ ಬಾಂಬೋಳಿ ಆಸ್ಪತ್ರೆ ಇದೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ತಪಾಸಣೆ ನಡೀತದೆ, ಹೋಗೋ ಮುಂಚೆ ನಿಮ್ಮ ತಾಲೂಕು ಆಸ್ಪತ್ರೇಲಿ ಯಾವ ಮಂಗಳವಾರ ಅಂತ ಕೇಳ್ಕೊಳ್ಳಿ. ಎದ್ದು ಹೋಗೋಕೂ ಆಗದಿದ್ರೆ 2022ರ ಅಕ್ಟೋಬರ್ 10ಕ್ಕೆ ಶುರುವಾದ ಟೆಲಿ ಮಾನಸ್ ಅನ್ನೋ ಸರ್ಕಾರದ ಫೋನ್ ಸಹಾಯವಾಣಿ ಇದೆ, ನಂಬರ್ 14416, ದಿನದ 24 ಗಂಟೆ, ದುಡ್ಡು ಕೊಡ್ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.